ಕಟ್ಟಳೆ ಕಟ್ಟಿದ ಊರು: ಮಳೆಗಾಲದ ಮುಂಬಯಿಯಲ್ಲಿ ನಾಲ್ಕು ದಿನ

ಮೊದಲ ದಿನ: ಕೋಟೆ ಇಲ್ಲದ ಫೋರ್ಟ್

ಜುಲೈ ಮೊದಲ ವಾರ. ರಾತ್ರಿ ರೈಲು ಇಳಿದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಹೊರಗೆ ಕಾಲಿಡುವಷ್ಟರಲ್ಲಿ ಮಳೆ ಶುರುವಾಗಿತ್ತು. ಮುಂಬಯಿ ಮಳೆಗೆ ಕೊಡೆ ಸಾಲದು, ಸಮುದ್ರದ ಗಾಳಿ ಅಡ್ಡ ಹೊಡೆಯುತ್ತದೆ. ಆದರೂ ನಿಲ್ದಾಣದಿಂದ ಹುತಾತ್ಮ ಚೌಕದವರೆಗೆ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಹೆಚ್ಚು ನೆನೆಯದೆ ನಡೆದು ಹೋಗಬಹುದು. ಅದಕ್ಕೆ ಕಾರಣ 1896ರ ಒಂದು ಕಟ್ಟಳೆ. ಆಗ ಇದರ ಹೆಸರು ಹಾರ್ನ್‌ಬಿ ರಸ್ತೆ. ಇಲ್ಲಿ ಕಟ್ಟುವ ಪ್ರತಿಯೊಬ್ಬನೂ ನೆಲಮಹಡಿಯಲ್ಲಿ ಕಮಾನಿನ ಮೊಗಸಾಲೆ ಬಿಡಬೇಕು, ಅದು ಪಕ್ಕದವನ ಮೊಗಸಾಲೆಗೆ ಕೂಡಬೇಕು ಎಂದಿತ್ತು ಆ ನಿಯಮ. ಮೇಲಿನ ಮಹಡಿಗಳು ಮಾಲೀಕನ ಮರ್ಜಿ. ಹಾಗಾಗಿ ತಲೆಯೆತ್ತಿದರೆ ಒಂದು ಕಟ್ಟಡ ಚೂಪು ಕಮಾನಿನ ಗಾಥಿಕ್, ಮುಂದಿನದು ಗ್ರೀಕ್ ಕಂಬದ್ದು, ಅದರಾಚೆಗೆ ಗುಮ್ಮಟದ್ದು. ತಲೆ ತಗ್ಗಿಸಿದರೆ ಮಾತ್ರ ಒಂದೇ ನೆರಳಿನ ಓಣಿ.

ನಿಯಮ ಕಮಾನನ್ನು ಕೂಡಿಸಿತು, ನೆಲವನ್ನು ಕೂಡಿಸಲಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವಲ್ಲಿ ಎರಡು ಬೆರಳಿನಿಂದ ಒಂದು ಗೇಣಿನವರೆಗೆ ಮೆಟ್ಟಿಲು ಬರುತ್ತದೆ. ಹಳೆಯ ಕಲ್ಲಿನ ಮೇಲೆ ಈಚೆಗೆ ಹಾಸಿದ ಪಾಲಿಶ್ ಗ್ರಾನೈಟ್ ಮಳೆಯಲ್ಲಿ ಎಣ್ಣೆ ಸವರಿದಂತಿರುತ್ತದೆ. ನಮ್ಮ ಜೊತೆಯಲ್ಲಿದ್ದವರೊಬ್ಬರು ಅರ್ಧ ತಾಸಿನೊಳಗೆ ಎರಡು ಸಲ ಜಾರಿದರು. ಮಳೆಗಾಲದಲ್ಲಿ ಇಲ್ಲಿಗೆ ಬರುವವರು ಹಿಡಿತವಿರುವ ರಬ್ಬರ್ ಅಡಿಯ ಚಪ್ಪಲಿಯನ್ನೇ ಹಾಕಿ ಬರಬೇಕು. ಅಂಗಡಿ ಹೆಸರುಗಳೆಲ್ಲ ದೊಡ್ಡ ದೇವನಾಗರಿಯಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮರಾಠಿ ಫಲಕಕ್ಕೆ ಎರಡು ತಿಂಗಳ ಗಡುವು ಕೊಟ್ಟಿತ್ತು. ನಮ್ಮಲ್ಲಿಯ ಶೇಕಡಾ 60ರ ಕನ್ನಡ ಫಲಕದ ಜಗಳ ಕಂಡವರಿಗೆ ಇದು ಹೊಸದಲ್ಲ. ಕಟ್ಟಡದ ಮುಖ ಎಂಬುದು ಎಲ್ಲ ಕಾಲಕ್ಕೂ ರಾಜಕಾರಣದ ಜಾಗ.

ಈ ಭಾಗಕ್ಕೆ ಫೋರ್ಟ್ ಎಂದೇ ಹೆಸರು, ಕೋಟೆ ಮಾತ್ರ ಹುಡುಕಿದರೂ ಸಿಗದು. ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ, 1862ರಿಂದ, ಗೋಡೆ ಒಡೆಸಿದರು. ಗೋಡೆಯಲ್ಲಿ ಅಪೋಲೋ, ಚರ್ಚ್, ಬಜಾರ್ ಎಂಬ ಮೂರು ಬಾಗಿಲಿದ್ದವು. ಚರ್ಚ್ ಗೇಟ್ ಇದ್ದ ಜಾಗದಲ್ಲಿ 1864ರಲ್ಲಿ ಫ್ಲೋರಾ ಫೌಂಟನ್ ಎದ್ದಿತು. ಅದರ ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕ ನಿಂತು ವೃತ್ತದ ಹೆಸರೇ ಹುತಾತ್ಮ ಚೌಕವಾಯಿತು. ರೋಮನ್ ದೇವತೆಯೊಬ್ಬಳು, ಪಂಜು ಹಿಡಿದ ರೈತ ಮತ್ತು ಕಾರ್ಮಿಕ, ಎಲ್ಲರೂ ಒಂದೇ ಚೌಕದಲ್ಲಿ. ಗೋಡೆ ಹೋದರೂ ಗೋಡೆಗಾಗಿ ಮಾಡಿದ ಒಂದು ನಿಯಮದ ಗುರುತು ಇನ್ನೂ ಉಳಿದಿದೆ. ಫಿರಂಗಿಯ ಗುಂಡಿಗೆ ಅಡ್ಡಿಯಾಗಬಾರದೆಂದು ಕೋಟೆಯ ಹೊರಗೆ ಏನನ್ನೂ ಕಟ್ಟಲು ಬಿಡುತ್ತಿರಲಿಲ್ಲ. 1803ರ ಬೆಂಕಿಯಲ್ಲಿ ಕೋಟೆಯೊಳಗಿನ ದೊಡ್ಡ ಭಾಗ ಸುಟ್ಟುಹೋದ ಮೇಲೆ ಆ ಬಯಲನ್ನು ಇನ್ನಷ್ಟು ಹಿಗ್ಗಿಸಿದರು. ಇವತ್ತು ಹುಡುಗರು ಕ್ರಿಕೆಟ್ ಆಡುವ ಓವಲ್, ಕ್ರಾಸ್ ಮೈದಾನ ಮತ್ತು ಆಜಾದ್ ಮೈದಾನ ಆ ಬಯಲಿನ ತುಂಡುಗಳು.

ಹಾರ್ನಿಮನ್ ಸರ್ಕಲ್ ಅನ್ನು ಮಳೆಯಲ್ಲೇ ನೋಡಬೇಕು. ಹತ್ತಿ ಪೇಟೆಯಾಗಿದ್ದ ಈ ಬಯಲನ್ನು ಪೊಲೀಸ್ ಕಮಿಷನರ್ ಚಾರ್ಲ್ಸ್ ಫೋರ್ಜೆಟ್ ಸಲಹೆಯಂತೆ ವೃತ್ತವಾಗಿ ಬಿಡಿಸಿ, ಸುತ್ತಲಿನ ನಿವೇಶನ ಕೊಂಡವರೆಲ್ಲ ಒಂದೇ ನಮೂನೆಯ ಮುಖ ಕಟ್ಟಬೇಕೆಂದು ಕರಾರು ಹಾಕಿದರು. ಅದಕ್ಕೇ ಇಲ್ಲಿ ಒಬ್ಬ ಮಾಲೀಕನ ಕಟ್ಟಡ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬನದು ಎಲ್ಲಿ ಶುರುವಾಗುತ್ತದೆ ಎಂದು ಹೊರಗಿನಿಂದ ಹೇಳಲಾಗದು. ನೀರು ಸೋರುವ ಕೊಳವೆಗಳ ಸಾಲು ನೋಡಿ ಊಹಿಸಬೇಕಷ್ಟೇ. 1872ರಲ್ಲಿ ತೋಟ ಮುಗಿದಾಗ ಇದು ಎಲ್ಫಿನ್‌ಸ್ಟನ್ ಸರ್ಕಲ್. ರಾಷ್ಟ್ರೀಯ ಚಳವಳಿಯ ಪರ ಬರೆದು 1919ರಲ್ಲಿ ಗಡೀಪಾರಾದ ಬಾಂಬೆ ಕ್ರಾನಿಕಲ್ ಸಂಪಾದಕ ಹಾರ್ನಿಮನ್ ಹೆಸರನ್ನು ಸ್ವಾತಂತ್ರ್ಯದ ನಂತರ ಇಟ್ಟರು.

ಊಟಕ್ಕೆ ಹೊಕ್ಕದ್ದು ಬಜಾರ್ ಗೇಟಿನ ಕಡೆಯ ಸಣ್ಣ ಉಡುಪಿ ಹೋಟೆಲು. ಗಲ್ಲೆಯಲ್ಲಿದ್ದವರು ಮಾತು ಕೇಳಿಯೇ, "ಎಲ್ಲಿಂದ ಬಂದದ್ದು ಮಾರಾಯ್ರೇ?" ಎಂದು ಕನ್ನಡಕ್ಕೆ ತಿರುಗಿದರು. ಕಟ್ಟಡದ ವಿಷಯ ಕೇಳಿದರೆ ಅವರಿಗೆ ಉತ್ಸಾಹ. ಜಾಗ ಪಗಡಿಯದು. ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಹಕ್ಕು ಪಡೆಯುವುದು, ಆಮೇಲೆ ತಿಂಗಳಿಗೆ ಚಿಲ್ಲರೆ ಬಾಡಿಗೆ. ಹಕ್ಕನ್ನು ಮತ್ತೊಬ್ಬರಿಗೆ ದಾಟಿಸುವಾಗ ಬರುವ ಹಣದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲು ಮಾಲೀಕನಿಗೆ. ಬಹಳ ವರ್ಷ ಇದು ಕದ್ದುಮುಚ್ಚಿ ನಡೆಯುತ್ತಿತ್ತು. 1999ರ ಬಾಡಿಗೆ ಕಾಯ್ದೆ ಇದನ್ನು ಕಾನೂನಿನೊಳಗೆ ತಂದಿತು. "ನಮ್ಮ ತಿಂಗಳ ಬಾಡಿಗೆ ಒಂದು ದಿನದ ಹಾಲಿನ ಲೆಕ್ಕಕ್ಕೆ ಸಮ ಇಲ್ಲ" ಎಂದು ನಕ್ಕರು. ಮತ್ತೆ ತಲೆಯ ಮೇಲಿನ ತೊಲೆ ತೋರಿಸಿದರು. "ಅದಕ್ಕೇ ಇದು ಹೀಗಿರುವುದು." ತೇಗದ ತೊಲೆಯ ಕೆಳಗೆ ಕಬ್ಬಿಣದ ಗರ್ಡರು, ಅದಕ್ಕೆ ಆನಿಸಿ ಒಂದು ಕಂಬ, ಕಂಬದ ಎರಡು ಪಕ್ಕ ಎರಡು ಮೇಜು.

ಎರಡನೆಯ ದಿನ: ಹಿಂದೆ ಸರಿದ ಸಮುದ್ರ

ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಓವಲ್ ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತರೆ ಎರಡು ಕಾಲಗಳು ಎದುರುಬದುರಾಗುತ್ತವೆ. ಪೂರ್ವಕ್ಕೆ ಹಳೆಯ ಸೆಕ್ರೆಟೇರಿಯೇಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಹೈಕೋರ್ಟು. ಎಲ್ಲವೂ ಗಾಥಿಕ್ ಶೈಲಿಯವು, 1867ರಿಂದ 1878ರ ನಡುವೆ ಎದ್ದವು. ಪಶ್ಚಿಮಕ್ಕೆ 1930ರ ದಶಕದ ವಸತಿ ಕಟ್ಟಡಗಳು, ನಯವಾದ ತಿರುವು ಮತ್ತು ಜ್ಯಾಮಿತಿಯ ಗೆರೆಗಳ ಆರ್ಟ್ ಡೆಕೊ ಶೈಲಿಯವು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಎರಡೂ ಸಾಲು ಒಟ್ಟಿಗೆ, ಒಟ್ಟು 94 ಕಟ್ಟಡ. ಫೋಟೋ ತೆಗೆಯುವವರು ಗಾಥಿಕ್ ಸಾಲಿಗೆ ಸಂಜೆ, ಡೆಕೊ ಸಾಲಿಗೆ ಬೆಳಿಗ್ಗೆ ಬರಬೇಕು, ಬೆಳಕು ಆಗಲೇ ಮುಖಕ್ಕೆ ಬೀಳುವುದು.

ಗಾಥಿಕ್ ಕಟ್ಟಡಗಳು ಮುಖಮಾಡಿದ್ದು ಮೈದಾನಕ್ಕಲ್ಲ, ಸಮುದ್ರಕ್ಕೆ. ಅವು ಎದ್ದಾಗ ಓವಲ್ ದಾಟಿ ರೈಲು ಹಳಿ, ಹಳಿ ದಾಟಿದರೆ ಬ್ಯಾಕ್ ಬೇ ನೀರು. ಹಡಗಿನಿಂದ ನೋಡಿದವರಿಗೆ ಆಳುವವರ ಗತ್ತು ಕಾಣಬೇಕಿತ್ತು. ಆ ನೀರನ್ನು ಹಿಂದೆ ಸರಿಸಿದ ಕಥೆ ಪೂರ್ತಿ ರಾಜಕೀಯದ್ದು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಹುಟ್ಟಿದ ಬ್ಯಾಕ್ ಬೇ ಕಂಪನಿ 1865ರ ಷೇರು ಕುಸಿತದಲ್ಲಿ ಮುಳುಗಿತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿ, ಎಂಟು ಬ್ಲಾಕುಗಳಲ್ಲಿ 1,145 ಎಕರೆ ತುಂಬಿಸುವ ಯೋಜನೆ ಹಾಕಿದರು. ಮೊದಲು ಕಲ್ಲಿನ ಗೋಡೆ, ಆಮೇಲೆ ಬಂದರಿನ ತಳದ ಕೆಸರನ್ನು ಕೊಳವೆಯಲ್ಲಿ ಅದರ ಹಿಂದೆ ಸುರಿಯುವುದು, ಇದು ವಿಧಾನ. ಕೆಸರು ಗೋಡೆಯ ಸಂದಿಯಿಂದ ಮತ್ತೆ ಸಮುದ್ರಕ್ಕೇ ಹೋಗತೊಡಗಿತು, ಖರ್ಚು ಮಾತ್ರ ಏರುತ್ತ ಹೋಯಿತು. ವಕೀಲ ಕೆ. ಎಫ್. ನರಿಮನ್ ಇದನ್ನು ಬಯಲಿಗೆಳೆದರು. ಯೋಜನೆಯ ಎಂಜಿನಿಯರ್ ಹಾರ್ವೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ನರಿಮನ್ ಖುಲಾಸೆಯಾದರು. ಎಂಟರಲ್ಲಿ ನಾಲ್ಕೇ ಬ್ಲಾಕು ಆಗ ಮುಗಿದದ್ದು. ಕೈಬಿಟ್ಟ ಭಾಗದಲ್ಲಿ ದಶಕಗಳ ಮೇಲೆ ಮಣ್ಣು ತುಂಬಿ ಎಬ್ಬಿಸಿದ ಆಫೀಸು ಗೋಪುರಗಳ ತುದಿಗೆ ನರಿಮನ್ ಪಾಯಿಂಟ್ ಎಂದು ಹೆಸರಿಟ್ಟಿದ್ದಾರೆ. ಸಮುದ್ರ ತುಂಬುವ ಯೋಜನೆಯನ್ನು ಬಯಲಿಗೆಳೆದು ಕೋರ್ಟಿನಲ್ಲಿ ಆಪಾದಿತನಾಗಿ ನಿಂತ ಮನುಷ್ಯನ ಹೆಸರು ತುಂಬಿದ ನೆಲಕ್ಕೆ ಬಂತು.

ಅಂತೂ ಸಿಕ್ಕ ನೆಲವನ್ನು ಸರ್ಕಾರ ಕರಾರು ಹಾಕಿ ಗುತ್ತಿಗೆಗೆ ಕೊಟ್ಟಿತು. ಎತ್ತರ ಒಂದೇ, ರಸ್ತೆಯಿಂದ ಬಿಡಬೇಕಾದ ಅಂತರ ಒಂದೇ. ಮರೀನ್ ಡ್ರೈವ್‌ನ ಸಾಲು ಒಬ್ಬನೇ ಕಟ್ಟಿದಂತೆ ಕಾಣುವುದು ಇದರಿಂದ. ಇಷ್ಟು ಕಟ್ಟುನಿಟ್ಟಿನಲ್ಲಿ ವಾಸ್ತುಶಿಲ್ಪಿಗೆ ಉಳಿದದ್ದು ಬಾಲ್ಕನಿಯ ತಿರುವು, ಜಾಲರಿ, ಮೆಟ್ಟಿಲ ಗೋಪುರ, ಹೆಸರಿನ ಅಕ್ಷರ. ಅದರಲ್ಲೇ ಅವರು ಏನೆಲ್ಲ ಮಾಡಿದ್ದಾರೆ! ಸೂರ್ಯಕಿರಣ, ಅಲೆ, ಹಡಗಿನ ಕಟಕಟೆ. ಕರಾರು ಕಟ್ಟುನಿಟ್ಟಾಗಿದ್ದಷ್ಟೂ ಕೈಕೆಲಸ ಚೆಂದವಾಗಿದೆ ಎಂಬುದು ಈ ಸಾಲಿನ ಮುಂದೆ ನಿಂತಾಗ ಗಟ್ಟಿಯಾಗುವ ಅನಿಸಿಕೆ.

ಹತ್ತಿರ ಹೋಗಿ ನೋಡಿದರೆ ಇನ್ನೊಂದು ಕಾಣುತ್ತದೆ. ಬಾಲ್ಕನಿಯ ಅಡಿಯಲ್ಲಿ ಕಾಂಕ್ರೀಟು ಸಿಪ್ಪೆಯಂತೆ ಎದ್ದು, ಒಳಗಿನ ಸರಳು ಕೆಂಪಗೆ ಹೊರಬಂದಿದೆ. ಉಪ್ಪುಗಾಳಿಯ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟು ಸೀಳುತ್ತದೆ. ಸಡಿಲ ಭಾಗ ಕೆತ್ತಿ, ಸರಳು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಬರೀ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ನಾಲ್ಕಾರು ಮಳೆಗಾಲದಲ್ಲಿ ಮತ್ತೆ ಅದೇ ಗತಿ. ಈ ಖರ್ಚನ್ನು ಯಾರು ಹಾಕಬೇಕು ಎಂಬ ಪ್ರಶ್ನೆ ನೇರ ಬಾಡಿಗೆ ಕಾಯ್ದೆಗೆ ಹೋಗಿ ನಿಲ್ಲುತ್ತದೆ. ಇವನ್ನು ಕೆಡವಿ ಎತ್ತರಕ್ಕೆ ಏರಿಸಲು ಯಾಕೆ ಆಗಲಿಲ್ಲ ಎಂಬುದಕ್ಕೂ ಉತ್ತರ ಕಾನೂನಿನಲ್ಲೇ ಇದೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಕಡಲಂಚಿನ ಕಟ್ಟಡಗಳಿಗೆ ಆ ವರ್ಷದ ಫೆಬ್ರುವರಿ 19ರಂದು ಇದ್ದ ಎಫ್‌ಎಸ್‌ಐ ಮಿತಿಯನ್ನೇ, ಅಂದರೆ ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯನ್ನೇ, ಬಿಗಿಯಿತು. 2019ರಲ್ಲಿ ಆ ಗಂಟು ಬಿಚ್ಚಿತು. ಅದಕ್ಕೂ ಮೊದಲೇ, 1995ರಲ್ಲಿ, ದೇಶದಲ್ಲೇ ಮೊದಲ ನಗರ ಪರಂಪರಾ ನಿಯಮ ಇಲ್ಲಿ ಬಂದಿತ್ತು. 1, 2ಎ, 2ಬಿ, 3 ಎಂದು ದರ್ಜೆ ಕೊಟ್ಟು, ಅದಕ್ಕೆ ತಕ್ಕಂತೆ ಎಷ್ಟು ಬದಲಿಸಬಹುದು ಎಂದು ಕಟ್ಟುಹಾಕುತ್ತದೆ.

ಸಂಜೆ ಕಾಲಾ ಘೋಡಾದ ಕಡೆ. ವಾಟ್ಸನ್ ಹೋಟೆಲು ಎನಿಸಿಕೊಂಡಿದ್ದ ಎಸ್‌ಪ್ಲನೇಡ್ ಮ್ಯಾನ್ಶನ್ನಿನ ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದು 1867–69ರಲ್ಲಿ ಇಲ್ಲಿ ಜೋಡಣೆಯಾಯಿತು. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಚಲಚಿತ್ರವನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲೇ. ಆಮೇಲೆ ಅದು ಕೋಣೆಕೋಣೆಯಾಗಿ ಒಡೆದು, ಕೋರ್ಟು ಹತ್ತಿರವೆಂದು ವಕೀಲರ ಕಚೇರಿಗಳಿಂದ ತುಂಬಿತು. 2005ರಲ್ಲಿ ಬಾಲ್ಕನಿ ಕುಸಿದು ಜೀವಹಾನಿಯಾಯಿತು, 2019ರಲ್ಲಿ ಖಾಲಿ ಮಾಡಿಸಿದರು. ಕಾನೂನು ಓದಿದವರೇ ತುಂಬಿದ್ದ ಮನೆಯನ್ನು ಕೂಡ ಕಾನೂನು ಉಳಿಸಿಕೊಳ್ಳಲಿಲ್ಲ.

ಮೂರನೆಯ ದಿನ: 63.5 ಡಿಗ್ರಿ ಮತ್ತು ಸೆಪ್ಟೆಂಬರ್ 1

ಇಡೀ ದಿನ ಮಳೆ. ಧೋಬಿ ತಲಾವಿನ ಇರಾನಿ ಕೆಫೆಯಲ್ಲಿ ಬನ್ ಮಸ್ಕಾ, ಚಹಾ ಮುಗಿಸಿ ಪ್ರಿನ್ಸೆಸ್ ಸ್ಟ್ರೀಟಿಗೆ ಹೊರಟೆವು. ಅದು ಇದ್ದಕ್ಕಿದ್ದಂತೆ ಅಗಲ, ಇದ್ದಕ್ಕಿದ್ದಂತೆ ನೇರ. ಆಚೀಚಿನ ಭುಲೇಶ್ವರದ ಓಣಿಗಳಿಗೆ ಹೋಲಿಸಿದರೆ ಕತ್ತಿಯಲ್ಲಿ ಸೀಳಿದಂತಿದೆ, ಸೀಳಿದ್ದೂ ಹೌದು. 1896ರಲ್ಲಿ ಪ್ಲೇಗು ಬಂತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. ಸಮುದ್ರದ ಗಾಳಿ ಊರೊಳಗೆ ಹರಿಯಲಿ ಎಂದು ಟ್ರಸ್ಟು ಇಂಥ ರಸ್ತೆಗಳನ್ನು ಕೊರೆಯಿತು. ಆರಂಭದ ವರ್ಷಗಳಲ್ಲಿ ಅದು ಒಕ್ಕಲೆಬ್ಬಿಸಿದವರೇ ಹೆಚ್ಚು, ಮನೆ ಕೊಟ್ಟದ್ದು ಕಡಿಮೆ. ಎದ್ದವರು ಪಕ್ಕದ ಓಣಿಗೇ ಹೋಗಿ ಸೇರಿಕೊಂಡರು, ಅಲ್ಲಿ ಇಕ್ಕಟ್ಟು ಇನ್ನೂ ಹೆಚ್ಚಾಯಿತು.

ಟ್ರಸ್ಟಿನ ಅಧ್ಯಕ್ಷ ಜೆ. ಪಿ. ಓರ್ ಪಟ್ಟು ಹಿಡಿದು ತಂದ ಅಳತೆಯೇ 63.5 ಡಿಗ್ರಿ. ಕೋಣೆಯ ಗೋಡೆಯ ಬುಡದಿಂದ ಎದುರು ಕಟ್ಟಡದ ನೆತ್ತಿಗೆ ದಾರ ಹಿಡಿದರೆ ಅದು ಈ ಕೋನಕ್ಕಿಂತ ಕಡಿದಾಗಬಾರದು. ಲೆಕ್ಕ ಸರಳ: ಎತ್ತರದ ಅರ್ಧದಷ್ಟು ತೆರವು. 60 ಅಡಿ ಕಟ್ಟಡವಾದರೆ ಎದುರಿಗೆ 30 ಅಡಿ. ಫೋನಿನ ಲೆವೆಲ್ ಆ್ಯಪಿನಲ್ಲಿ ಯಾರು ಬೇಕಾದರೂ ಅಳೆಯಬಹುದು. ಫೋನಿನ ಅಂಚನ್ನು ಎದುರಿನ ಸೂರಿಗೆ ಗುರಿಯಿಟ್ಟರೆ ಸಾಕು. ಭುಲೇಶ್ವರದ ಒಂದು ಎಂಟಡಿ ಓಣಿಯಲ್ಲಿ, ನಾಲ್ಕು ಮಹಡಿಯ ಎದುರು, ಅದು 80ರ ಹತ್ತಿರ ತೋರಿಸಿತು. ಹಗಲು ಹನ್ನೊಂದಕ್ಕೆ ನೆಲಮಹಡಿಯಲ್ಲಿ ದೀಪ ಉರಿಯುತ್ತಿತ್ತು. ಕಟ್ಟಡಗಳ ಹಿಂದೆ ಒಬ್ಬರೇ ನುಸುಳಬಹುದಾದ ಹೌಸ್ ಗಲ್ಲಿ ಇರುತ್ತದೆ, ಕೊಳವೆಗಳೆಲ್ಲ ಅಲ್ಲಿಗೇ. ಮಳೆಯಲ್ಲಿ ಅದರೊಳಗೆ ಇಣುಕುವುದು ಬೇಡ, ಮೇಲಿನಿಂದ ನೀರಷ್ಟೇ ಬೀಳುವುದಿಲ್ಲ.

ಗಿರಗಾಂವಿನ ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ಬಾಡಿಗೆ ವಠಾರದ, ಅಂಗಳದಲ್ಲಿ ಮಳೆ ನಿಲ್ಲಲು ಕಾಯುತ್ತಿದ್ದಾಗ ಮೊದಲ ಮಹಡಿಯಿಂದ ಅಜ್ಜಿಯೊಬ್ಬರು ಕರೆದರು. ಮಾತು ಮರಾಠಿಯಲ್ಲಿ. ಕೈಯಲ್ಲಿ ತೊಗರಿಬೇಳೆ ಆರಿಸುವ ಮೊರ. "ಈ ಕಂಬ ಹಿಡಿದು ಹತ್ತಬೇಡಿ, ಅದು ಹಿಡಿದುಕೊಂಡಿರುವುದು ನನ್ನನ್ನು ಮಾತ್ರ" ಎಂದರು. ಗ್ಯಾಲರಿಯ ಉದ್ದಕ್ಕೂ ಖೋಲಿಗಳು, ತುದಿಯಲ್ಲಿ ಸಾಮೂಹಿಕ ಶೌಚಾಲಯ. ಶೌಚಾಲಯದ ಪಕ್ಕದ ಎರಡು ಖೋಲಿಯ ನೆಲ ಕಣ್ಣಿಗೆ ಕಾಣುವಷ್ಟು ಇಳಿಜಾರಾಗಿತ್ತು. ಚಾಳು ಮೊದಲು ಕೊಳೆಯುವುದು ಅಲ್ಲೇ. ತೇಗದ ಜಂತೆಯ ತುದಿ ಸುಣ್ಣದ ಗಾರೆಯ ಗೋಡೆಯೊಳಗೆ ಹೂತಿರುತ್ತದೆ. ಕೊಳವೆ ಸೋರಿ ಗೋಡೆ ನೆನೆದಾಗ ಆ ತುದಿ ಮೊದಲು ಮೆದುವಾಗುತ್ತದೆ, ನಡುಭಾಗ ಗಟ್ಟಿಯಾಗಿಯೇ ಇರುತ್ತದೆ. ಬೆರಳಿನಿಂದ ತಟ್ಟಿ ನೋಡಿದರೆ ಗೊತ್ತಾಗದು, ಜಂತೆ ಗೋಡೆಯೊಳಗೆ ಹೋಗುವಲ್ಲಿ ಮೊಳೆ ಚುಚ್ಚಿ ನೋಡಬೇಕು. ಮೇಲಿಂದ ಬಾಡಿಗೆದಾರರು ಹಾಕಿಸಿದ ಟೈಲ್ಸ್, ಒಳಗಿನ ಮಾಳಿಗೆ, ನೀರಿನ ಟ್ಯಾಂಕು ಹೊಸ ಭಾರ. ಹೊರಗೋಡೆಗೆ ಸುಣ್ಣದ ಬದಲು ಸಿಮೆಂಟು ಗಿಲಾಯಿ ಮಾಡಿದರೆ ಒಳಗಿನ ತೇವಕ್ಕೆ ಹೊರಹೋಗಲು ದಾರಿಯೇ ಇಲ್ಲ.

ಮಾಲೀಕ ಯಾಕೆ ರಿಪೇರಿ ಮಾಡಿಸಲಿಲ್ಲ? 1947ರ ಬಾಂಬೆ ಬಾಡಿಗೆ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯಿತು. ಯುದ್ಧ, ದೇಶ ವಿಭಜನೆಯ ಕಾಲದಲ್ಲಿ ಬಡವನನ್ನು ಬೀದಿಗೆ ಬೀಳದಂತೆ ಉಳಿಸಿದ್ದು ಅದೇ ಕಾಯ್ದೆ, ಅದನ್ನು ಮರೆಯಬಾರದು. ಆದರೆ ತಾತ್ಕಾಲಿಕವೆಂದು ಬಂದದ್ದು ಅವಧಿ ವಿಸ್ತರಿಸಿಕೊಳ್ಳುತ್ತ ಅರ್ಧ ಶತಮಾನ ನಿಂತಿತು. ಬಾಡಿಗೆದಾರರ ಮತ ಹೆಚ್ಚು, ಮಾಲೀಕರ ಮತ ಕಡಿಮೆ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಸ್ತಂಭಿತ ಬಾಡಿಗೆ ಇನ್ನು ನ್ಯಾಯವಲ್ಲ ಎಂದಿತು. ಆ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ. ಮಲ್ಪೆಯ ಹೆಸರೊಂದು ಮುಂಬಯಿ ಕಟ್ಟಡಗಳ ಚರಿತ್ರೆಯಲ್ಲಿ ಹೀಗೆ ಕೂತಿದೆ. 1999ರ ಹೊಸ ಕಾಯ್ದೆ ವರ್ಷಕ್ಕೆ ಶೇಕಡಾ 4 ಏರಿಸಲು ಬಿಟ್ಟಿತು. 2000ದಲ್ಲಿ 100 ರೂಪಾಯಿ ಇದ್ದ ಬಾಡಿಗೆ ಹಾಗೆ ಏರುತ್ತ 25 ವರ್ಷಕ್ಕೆ ಸುಮಾರು 267 ರೂಪಾಯಿ. ಮೇಸ್ತ್ರಿಯ ಒಂದು ದಿನದ ಕೂಲಿ ಇದರಲ್ಲಿ ಹುಟ್ಟದು.

ಕಟ್ಟಡಗಳು ಬೀಳತೊಡಗಿದಾಗ ಸರ್ಕಾರ 1969ರಲ್ಲಿ ರಿಪೇರಿ ಮಂಡಳಿಯ ಕಾಯ್ದೆ ತಂದು ಸೆಸ್ ಎಂಬ ಹೆಚ್ಚುವರಿ ತೆರಿಗೆ ಹಾಕಿತು. ಹಾಗಾಗಿ ಇವು ಸೆಸ್ ಬಿಲ್ಡಿಂಗುಗಳು. ಆರಂಭದಲ್ಲಿ 19,642 ಇದ್ದವು. 1940ರ ಸೆಪ್ಟೆಂಬರಿಗೆ ಮೊದಲಿನವು ಎ, 1950ರ ಕೊನೆಯವರೆಗಿನವು ಬಿ, 1969ರ ಸೆಪ್ಟೆಂಬರಿನವರೆಗಿನವು ಸಿ. ಈಗ ಈ ಕೆಲಸ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ್ದು. ರಿಪೇರಿ ಖರ್ಚಿಗೆ ಚದರ ಮೀಟರಿಗೆ ಇಷ್ಟೇ ಎಂಬ ಮಿತಿಯಿದೆ, ಮೀರಿದ್ದನ್ನು ಬಾಡಿಗೆದಾರರೇ ಹಾಕಬೇಕು. ಪ್ರತಿ ಮಳೆಗಾಲಕ್ಕೆ ಮೊದಲು ಅಪಾಯದ ಕಟ್ಟಡಗಳ ಪಟ್ಟಿ ಹೊರಬೀಳುತ್ತದೆ. "ಪಟ್ಟಿಯಲ್ಲಿ ನಮ್ಮದಿಲ್ಲ ಅಂದರೆ ಆ ವರ್ಷ ಮೋದಕ ಜಾಸ್ತಿ ಮಾಡುತ್ತೇನೆ" ಎಂದರು ಅಜ್ಜಿ.

ನಾಲ್ಕನೆಯ ದಿನ: ವರಳಿಯಿಂದ ಮಾಟುಂಗ

ವರಳಿಯ ಬಿಡಿಡಿ ಚಾಳುಗಳನ್ನು ನೋಡುವುದಿದ್ದರೆ ತಡಮಾಡಬಾರದು, ಒಂದೊಂದಾಗಿ ಕೆಡವುತ್ತಿದ್ದಾರೆ. ಲಾಯ್ಡ್ ಕಾಲದ ಅದೇ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಗಿರಣಿ ಕೆಲಸಗಾರರಿಗೆಂದು ವರಳಿ, ನಾಯಗಾಂವ್, ಎನ್. ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿ 207 ಕಟ್ಟಡ ಕಟ್ಟಿತು. ಒಂದು ಮಹಡಿಗೆ 20 ಖೋಲಿ, ನೆಲ ಸೇರಿ ನಾಲ್ಕು ಮಹಡಿ, ಒಟ್ಟು 80. ಒಂದು ಖೋಲಿ 160 ಚದರ ಅಡಿ. ನಡುವೆ ಕತ್ತಲೆಯ ಓಣಿ. ಕೆಲಸಗಾರರು ಮೊದಲು ಇಲ್ಲಿಗೆ ಬರಲೇ ಒಪ್ಪಲಿಲ್ಲ. ಕಿಟಕಿಯ ಬದಲು ಕಾಂಕ್ರೀಟಿನ ಜಾಲಂಧ್ರ, ಬಾಡಿಗೆಯೂ ದುಬಾರಿ. ಖಾಲಿ ಬಿದ್ದ ವರಳಿಯ ಚಾಳುಗಳನ್ನು 1930ರ ಕಾಯ್ದೆಭಂಗ ಚಳವಳಿಯ ಕಾಲದಲ್ಲಿ ಜೈಲಾಗಿ ಬಳಸಿದರು. ವಾಸಕ್ಕೆಂದು ಕಟ್ಟಿದ್ದು ಒಂದು ಬೀಗ ಹಾಕಿದೊಡನೆ ಸೆರೆಮನೆಯಾಯಿತು ಎಂದರೆ ಅದರ ನಕ್ಷೆ ಎಂಥದ್ದಿರಬೇಕು! ಈಗ ಒಂದು ಖೋಲಿಗೆ ಬದಲಾಗಿ 500 ಚದರ ಅಡಿಯ ಫ್ಲಾಟು.

ಅಲ್ಲಿಂದ ಲೋಯರ್ ಪರೇಲ್. ಗಿರಣಿಯ ಚಿಮಣಿಗಳ ನಡುವೆ ಗಾಜಿನ ಗೋಪುರಗಳು. 1982ರ ಮುಷ್ಕರದ ನಂತರ ಮುಚ್ಚಿದ ಗಿರಣಿಗಳ ನೆಲಕ್ಕೆ 1991ರ ನಿಯಮ ಮೂರು ಪಾಲು ಹೇಳಿತ್ತು: ಒಂದು ಊರಿನ ಬಯಲಿಗೆ, ಒಂದು ಮ್ಹಾಡಾದ ಮನೆಗಳಿಗೆ, ಒಂದು ಮಾಲೀಕನಿಗೆ. 2001ರ ತಿದ್ದುಪಡಿಯಲ್ಲಿ ಪಾಲು ಮಾಡುವುದು ಆಗಲೇ ಖಾಲಿ ಇದ್ದ ನೆಲವನ್ನು ಮಾತ್ರ, ಶೆಡ್ಡು ಕೆಡವಿ ತೆರವಾದದ್ದನ್ನಲ್ಲ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಿರಣಿ ಎಂದರೆ ನೆಲದ ತುಂಬ ಶೆಡ್ಡೇ. ಊರಿಗೆ ಸಿಗಬೇಕಿದ್ದ ಬಯಲು ಹೋದದ್ದು ಆ ಒಂದು ಶಬ್ದದಲ್ಲಿ. ಇದು ಮುಂಬಯಿಗೆ ಆದ ಬಹುದೊಡ್ಡ ನಷ್ಟ.

ಗೋಪುರಗಳ ವಯಸ್ಸನ್ನು ಮೈಮೇಲಿನಿಂದಲೇ ಓದಬಹುದು. 2012ರ ಜನವರಿಗೆ ಮೊದಲು ಬಾಲ್ಕನಿ, ಹೂಕುಂಡದ ಚಾಚು, ಗೋಡೆಯ ಗೂಡುಗಳು ಎಫ್‌ಎಸ್‌ಐ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೂವೇ ಇಲ್ಲದ ದೊಡ್ಡ ಹೂಕುಂಡಗಳು ಕಂಡರೆ ಅದು ಆ ಕಾಲದ ಕಟ್ಟಡ, ಒಳಗೆ ಅದು ಕೋಣೆಗೆ ಸೇರಿಹೋಗಿರುತ್ತದೆ. ಆಮೇಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ವಸತಿಗೆ ಹಣ ಕಟ್ಟಿ ಪಡೆದು ಕೋಣೆಗೋ ಬಾಲ್ಕನಿಗೋ ಬೇಕಾದಂತೆ ಬಳಸುವ ಶೇಕಡಾ 35 ಫಂಜಿಬಲ್ ಎಫ್‌ಎಸ್‌ಐ ಬಂತು. ಅಲ್ಲಿಂದಾಚೆಗಿನ ಗೋಪುರಗಳ ಮೈ ನುಣುಪು. ಕೆಳಗಿನ ಐದಾರು ಮಹಡಿ ಕಾರು ನಿಲ್ಲಿಸಲು. ರಸ್ತೆಯಲ್ಲಿ ನಡೆಯುವವರ ಕಣ್ಣಿಗೆ ಕಿಟಕಿ, ಅಂಗಡಿ, ಮನುಷ್ಯರ ಮುಖ ಯಾವುದೂ ಇಲ್ಲ.

ಮಾಟುಂಗ ತಲುಪಿದಾಗ ನಾಲ್ಕು ಗಂಟೆ. ಇದು ಇಂಪ್ರೂವ್‌ಮೆಂಟ್ ಟ್ರಸ್ಟು ಹೊಸದಾಗಿ ಬಿಡಿಸಿದ ಬಡಾವಣೆ. ಮೂರು ಮಹಡಿಯ ಕಟ್ಟಡಗಳು, ನಡುವೆ ಗಾಳಿಗೆ ಜಾಗ, ರಸ್ತೆಯ ಎರಡು ಕಡೆ ಮರ. ಫೋನಿಟ್ಟು ಅಳೆದರೆ ಎಲ್ಲೂ 63 ಮೀರಲಿಲ್ಲ. ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಇಡ್ಲಿ, ಫಿಲ್ಟರ್ ಕಾಫಿ. ಅದೇ ಮೇಜಿಗೆ ಬಂದು ಕೂತ ಹಿರಿಯರು ಕನ್ನಡದವರು, ಎರಡು ಓಣಿ ಆಚೆಯ ಎ ವರ್ಗದ ಸೆಸ್ ಕಟ್ಟಡದಲ್ಲಿ ಹುಟ್ಟಿ ಬೆಳೆದವರು. ಆ ಕಟ್ಟಡಕ್ಕೆ ಬಿಲ್ಡರು ಬಂದಿದ್ದಾನೆ. ಇಂಥ ಪುನರ್ನಿರ್ಮಾಣಕ್ಕೆ ಹಿಂದೆ ನೂರಕ್ಕೆ 70 ಬಾಡಿಗೆದಾರರ ಒಪ್ಪಿಗೆ ಬೇಕಿತ್ತು, ಈಗ 51 ಸಾಕು.

"ಮನೆ ದೊಡ್ಡದು ಕೊಡ್ತಾರೆ, ಲಿಫ್ಟು ಇದೆ, ಎಲ್ಲ ಸರಿ. ಇವಳಿಗೆ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಅದೂ ಸರಿ" ಎಂದರು. "ಆದರೆ ಅಡುಗೆಮನೆ ಕಿಟಕಿಗೆ ಸಂಜೆ ಬಿಸಿಲು ಬರ್ತದಲ್ಲ, ಅದನ್ನು ಫಾರ್ಮಿನಲ್ಲಿ ಎಲ್ಲಿ ಬರೆಯುವುದು?"

ಕಟ್ಟಡದಲ್ಲಿ 24 ಮನೆ. 13 ಸಹಿ ಆದರೆ ಮುಗಿಯಿತು.

"ಎಷ್ಟಾಗಿದೆ ಸರ್?"

"ನಿನ್ನೆಗೆ ಹನ್ನೆರಡು" ಎಂದು ಅವರು ಕಾಫಿ ಲೋಟವನ್ನು ಬಟ್ಟಲಿಗೆ ಸುರಿದು, ಆರಿಸಿ, ನಿಧಾನವಾಗಿ ಕುಡಿದರು. ಫಾರ್ಮು ಮಡಚಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರು.